ಹಗೇವಿಲ್ಲದ ಮನೆಯ ಪ್ರಾರ್ಥನೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸುತ್ತಿನ ಎರೆ ನೆಲದ ಊರುಗಳಲ್ಲಿ ಒಂದು ಕಾಲಕ್ಕೆ ಮನೆತನದ ತೂಕವನ್ನು ಹೊಲದ ಜೊತೆಗೆ ಹಗೇವಿನಿಂದಲೂ ಅಳೆಯುತ್ತಿದ್ದರು. ಹಗೇವು ಎಂದರೆ ಆಳವಾಗಿ ತೋಡಿ, ತಳಕ್ಕೂ ಸುತ್ತಲಿಗೂ ಒಣಹುಲ್ಲು ಒತ್ತಿ, ಜೋಳ ಸುರಿದು, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದ ನೆಲದೊಳಗಿನ ಕಣಜ. ತೆರೆದ ಕೂಡಲೇ ಒಳಗಿಳಿಯುವಂತಿಲ್ಲ. ಕಟ್ಟಿಕೊಂಡ ಗಾಳಿ ಹೊರಬೀಳುವ ತನಕ ಕಾಯಬೇಕು. ಅವಸರ ಮಾಡಿದವರು ಉಸಿರುಗಟ್ಟಿ ಸತ್ತದ್ದೂ ಉಂಟು. ಹಗೇವು ಇದ್ದ ಮನೆಗೆ ಒಂದು ಮಳೆ ಕೈಕೊಟ್ಟರೆ ರೊಟ್ಟಿಯ ಚಿಂತೆ ಇರಲಿಲ್ಲ. ಊರ ಹೊರಗಿನ ಕೇರಿಗಳಲ್ಲಿ ಹಗೇವು ಇರಲಿಲ್ಲ. ಆ ಕೇರಿಗಳ ಕೆಲವು ಮನೆಗಳು ಕ್ರೈಸ್ತ ಸಭೆ ಸೇರಿದಾಗ ಮೊದಲು ಬಾಯಿಪಾಠ ಮಾಡಿದ್ದು ಯೇಸು ಶಿಷ್ಯರಿಗೆ ಹೇಳಿಕೊಟ್ಟ ಪ್ರಾರ್ಥನೆಯನ್ನು. ಅದರಲ್ಲಿ ಊಟದ ಬಗ್ಗೆ ಇರುವ ಬೇಡಿಕೆ ಆ ಒಂದು ದಿನದ ಊಟದ್ದು. ವರ್ಷದ ರಾಶಿ ಕೊಡು ಎಂದು ಅಲ್ಲಿ ಕೇಳುವುದಿಲ್ಲ. ಇದು ಬಡವರನ್ನು ಇನ್ನಷ್ಟು ಕೈಚಾಚುವವರನ್ನಾಗಿ ಮಾಡಿತು, ದುಡಿಮೆಯ ಬದಲು ದೈವದ ಮೇಲೆ ಭಾರ ಹಾಕಿ ಕೂರಿಸಿತು ಎಂಬ ಆಕ್ಷೇಪ ಹಳೆಯದು. ಈ ಸೀಮೆಯ ಇತಿಹಾಸ ನನಗೆ ಹೇಳುವುದು ಇದಕ್ಕೆ ತದ್ವಿರುದ್ಧವಾದದ್ದು. ಅಂದಂದಿನ ಅನ್ನವನ್ನು ದೇವರಲ್ಲಿ ಬೇಡಲು ಕಲಿತ ಕೇರಿ, ಅದನ್ನು ಊರ ಕಣದಲ್ಲಿ ಬೇಡುವುದನ್ನು ಬಿಡಲು ಕಲಿಯಿತು. ಬೇಡಿಕೆಯ ವಿಳಾಸ ಬದಲಾದದ್ದೇ ಇಲ್ಲಿಯ ದೊಡ್ಡ ಘಟನೆ.

ಈ ಪ್ರಾರ್ಥನೆ ಇಲ್ಲಿಗೆ ಬಂದ ದಾರಿ ಎರಡು. ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನರಿ ಸೊಸೈಟಿಯಿಂದ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಗೆ ಬಂದ. ಅಂದರೆ 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಾಗಲೂ, ಸೆರೆಯಾದ ರಾಣಿ ಚನ್ನಮ್ಮ 1829ರಲ್ಲಿ ಬೈಲಹೊಂಗಲದ ಕೋಟೆಯಲ್ಲಿ ಕಣ್ಣುಮುಚ್ಚಿದಾಗಲೂ ಬೆಳಗಾವಿಯಲ್ಲಿ ಒಂದು ಮಿಷನ್ ನಡೆಯುತ್ತಿತ್ತು. ಇನ್ನೊಂದು ದಾರಿ ದಕ್ಷಿಣದ್ದು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಬೆಟಗೇರಿ, 1851ಕ್ಕೆ ಗುಳೇದಗುಡ್ಡ ಮುಟ್ಟಿತು. ಈ ಎರಡರ ನಡುವೆ ಬಿದ್ದದ್ದು ನಮ್ಮ ಸೀಮೆ. ಆಗಿನ ಕಾಗದಪತ್ರಗಳಲ್ಲಿ ಬೈಲಹೊಂಗಲ ಸಂಪಗಾವಿ ತಾಲೂಕಿನೊಳಗೆ, ಸವದತ್ತಿ ಪರಸಗಡದೊಳಗೆ ಸಿಗುತ್ತವೆ; ರಾಮದುರ್ಗ ಭಾವೆ ಮನೆತನದ ಬೇರೆಯೇ ಸಂಸ್ಥಾನ. ಲಂಡನ್ ಮಿಷನ್ ಶಾಲೆಗಳಲ್ಲಿ ಹೆಸರು ಮಾಡಿತು, ಸಭೆ ಮಾತ್ರ ಚಿಕ್ಕದೇ ಉಳಿಯಿತು. 1904ರಲ್ಲಿ ಅದು ಬೆಳಗಾವಿಯ ಕೆಲಸವನ್ನು ಅಮೆರಿಕದ ಮೆಥೊಡಿಸ್ಟರಿಗೆ ಒಪ್ಪಿಸಿತು. ಹಳ್ಳಿಯ ಕೇರಿಗಳ ಕಡೆಗೆ ಮಿಷನ್ ಹೆಚ್ಚು ಗಮನ ಕೊಟ್ಟದ್ದು ಆ ನಂತರ.

ಕೇರಿಯವರು ಅದುವರೆಗೆ ಹೇಗೆ ಉಣ್ಣುತ್ತಿದ್ದರು ಎಂಬುದನ್ನು ನೋಡದೆ ಅವರ ಪ್ರಾರ್ಥನೆ ಅರ್ಥವಾಗುವುದಿಲ್ಲ. ಊರಿನ ಬದುಕು ಆಯದ ಮೇಲೆ ನಿಂತಿತ್ತು. ಬಡಿಗ, ಕಮ್ಮಾರ, ಕುಂಬಾರ, ಅಗಸ, ಹಡಪದ, ತಳವಾರ, ಹೊಲೆಯ, ಮಾದಿಗ ಎಲ್ಲರೂ ವರ್ಷವಿಡೀ ಒಕ್ಕಲಿಗನಿಗೆ ದುಡಿದು ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತಮ್ಮ ಪಾಲಿನ ಕಾಳು ತರುತ್ತಿದ್ದರು. ಮಾದಿಗ ಮನೆಯವರು ಕೊಡಬೇಕಾದದ್ದು ಮಿಣಿ, ಬಾರಕೋಲು, ಕಪಿಲೆಯ ತೊಗಲು, ಕಾಲಿಗೆ ಮೆಟ್ಟು. ಸತ್ತ ದನ ಎತ್ತುವುದು, ಊರ ದೇವಿಯ ಹಬ್ಬಕ್ಕೆ ಹಲಗಿ ಬಡಿಯುವುದು ಅದರೊಂದಿಗೆ ಅಂಟಿ ಬಂದದ್ದು. ಕಾಗದದ ಮೇಲೆ ಇದು ಹಕ್ಕು. ಕಣದಲ್ಲಿ ಇದರ ರೂಪ ಬೇರೆ: ರಾಶಿ ತೂರಿ, ಪೂಜೆ ಮಾಡಿ, ಒಕ್ಕಲಿಗ ತನಗೆ ಬೇಕಾದದ್ದನ್ನು ಅಳೆದುಕೊಂಡ ಮೇಲೆ, ದೂರ ನಿಂತವನ ಕಂಬಳಿಗೆ ಬೀಳುತ್ತಿದ್ದದ್ದು ಬಹುಪಾಲು ಕೊನೆಯ ಕಾಳು, ಮಣ್ಣು ಬೆರೆತ ಕಾಳು. ಕೊಡುವವನ ಮನಸ್ಸೇ ಅಳತೆ. ಸರಕಾರಿ ಚಾಕರಿಯ ಭೂಮಿಯೂ ಹೀಗೆಯೇ ಕೊಡುವವನ ಕೈಯಲ್ಲಿತ್ತು. ಸಂಗೊಳ್ಳಿ ರಾಯಣ್ಣ ಕಿತ್ತೂರಿನ ಶೇತಸನದಿ, ಎಂದರೆ ಚಾಕರಿಗೆ ಪ್ರತಿಯಾಗಿ ಹೊಲ ಪಡೆದವ. ಕಿತ್ತೂರು ಬಿದ್ದ ಮೇಲೆ ಅವನ ಹೊಲದಲ್ಲಿ ಅರ್ಧವನ್ನು ಕಸಿದು ಉಳಿದದ್ದಕ್ಕೆ ತೆರಿಗೆ ಹಾಕಿದ್ದು ಅವನ ಬಂಡಾಯದ ಹಿಂದಿನ ಕಿಡಿಗಳಲ್ಲಿ ಒಂದು. ಅನ್ನದ ಮೂಲ ಇನ್ನೊಬ್ಬನ ಮುಷ್ಟಿಯಲ್ಲಿದ್ದಾಗ ನಿಷ್ಠೆಯೂ ಅವನ ಮುಷ್ಟಿಯಲ್ಲೇ ಇರುತ್ತದೆಂದು ಈ ನಾಡಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಕ್ರೈಸ್ತರಾದವರು ದೇವಿಯ ಮುಂದೆ ಹಲಗಿ ಬಡಿಯಲು ಒಲ್ಲೆ ಎಂದರು, ಸತ್ತ ದನದ ಮಾಂಸ ಬಿಟ್ಟರು. ಚಾಕರಿ ಬಿಟ್ಟವನಿಗೆ ಆಯ ಯಾಕೆ ಎಂದು ಊರು ಕೇಳಿದ್ದರಲ್ಲಿ ಊರಿನ ಲೆಕ್ಕಕ್ಕೆ ತಪ್ಪೇನೂ ಇರಲಿಲ್ಲ. ಹೀಗೆ ಕಾಳು ನಿಂತ ಮನೆಯಲ್ಲಿ ಸಂಜೆ ಮಂಡಿಯೂರಿ ಆ ದಿನದ ಅನ್ನ ಬೇಡುವ ಮಾತು ಬರೀ ಭಕ್ತಿಯ ಮಾತಾಗಿರಲು ಸಾಧ್ಯವಿರಲಿಲ್ಲ. ಗೌಡ ಕೊಡದಿದ್ದರೂ ಉಣ್ಣುತ್ತೇವೆ ಎಂಬ ಹಟವೂ ಅದರಲ್ಲಿತ್ತು.

ಹಟದಿಂದ ಹೊಟ್ಟೆ ತುಂಬುವುದಿಲ್ಲ ಎಂಬುದು ಮಿಷನರಿಗಳಿಗೂ ಬೇಗ ಗೊತ್ತಾಯಿತು. 1840ರ ಹೊತ್ತಿಗೆ ಹುಬ್ಬಳ್ಳಿ ಗದಗ ಕಡೆಯ ಕೆಲವು ಕಾಲಜ್ಞಾನದ ಪಂಥದವರು ತಮ್ಮ ಗ್ರಂಥಗಳಲ್ಲಿ ಹೇಳಿದ ಗುರುಗಳು ಇವರೇ ಇರಬೇಕೆಂದು ಬಾಸೆಲ್ ಮಿಷನರಿಗಳ ಬಳಿ ಬಂದರು. ಅವರನ್ನು ನೆಲೆಗೊಳಿಸಲು ಗದಗ ಹತ್ತಿರದ ಮಲ್ಲಸಮುದ್ರದಲ್ಲಿ ಬೇಸಾಯದ ವಸತಿಯೊಂದನ್ನು ಕಟ್ಟಲಾಯಿತು. ಅಂದುಕೊಂಡಷ್ಟು ಜನ ಬರಲಿಲ್ಲ, ಬೇಸಾಯವೂ ಕೈಹತ್ತಲಿಲ್ಲ. ಪ್ರಾರ್ಥನೆಗೂ ಭೂಮಿಗೂ ನೇರ ಗಂಟು ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಇದೊಂದು ಪಾಠ. ಇದರ ನಂತರ ಬಾಸೆಲ್‌ನವರು ಮಗ್ಗ ಮತ್ತು ಹಂಚಿನ ಕಡೆ ತಿರುಗಿದರು. 1851-52ರಲ್ಲಿ ಬಾಸೆಲ್‌ನಿಂದ ಯೋಸೆನ್‌ಹಾನ್ಸ್ ಎಂಬ ಮಿಷನ್ನಿನ ಮುಖ್ಯಸ್ಥ ಬಂದು ಇಲ್ಲಿಯ ಕೆಲಸವನ್ನೆಲ್ಲ ತಪಾಸಣೆ ಮಾಡಿ ಹೋದ. ಮಂಗಳೂರಿನ ನೇಯ್ಗೆ, 1865ರ ಹಂಚಿನ ಕಾರ್ಖಾನೆ ಎಲ್ಲ ಆ ಕಾಲದ ಬೆಳೆಗಳು. ಜಾತಿಯ ಕಸುಬು ಹೋದವನಿಗೆ ಕಸುಬು ಕೊಡಬೇಕು, ಪ್ರಾರ್ಥಿಸಿದ ಕೈ ದುಡಿಯಬೇಕು ಎಂಬುದು ಜರ್ಮನಿಯ ವ್ಯೂರ್ಟೆಂಬೆರ್ಗ್ ಸೀಮೆಯ ಹಳ್ಳಿಗರಾದ ಆ ಮಿಷನರಿಗಳಿಗೆ ಹುಟ್ಟಿನಿಂದ ಬಂದ ನಂಬಿಕೆ. ಅವರಿಗೆ ಸಂಬಳವೆಂಬುದು ಇರಲಿಲ್ಲ, ಹೊಟ್ಟೆಬಟ್ಟೆಗೆ ಬೇಕಾದಷ್ಟು ಖರ್ಚು ಮಾತ್ರ. ಆ ಖರ್ಚಾದರೂ ಎಲ್ಲಿಂದ? 1855ರಿಂದ ಸ್ವಿಟ್ಜರ್ಲೆಂಡ್, ಜರ್ಮನಿಯ ಸಾಮಾನ್ಯ ಮನೆಗಳಿಂದ ವಾರಕ್ಕೆ ಅರ್ಧ ಬಾಟ್ಸನ್ ಎಂಬ ಚಿಲ್ಲರೆ ಕಾಸು ಎತ್ತುವ ಪದ್ಧತಿಯನ್ನು ಕಾರ್ಲ್ ಸಾರಾಸಿನ್ ಎಂಬ ವ್ಯಾಪಾರಿ ಕಟ್ಟಿದ. ಧಾರವಾಡದಲ್ಲಿ ದೇವರು ಒದಗಿಸಿದ್ದನ್ನು ಅಲ್ಲಿ ಮನೆಮನೆಗೆ ಹೋಗಿ ಯಾರೋ ಸಂಗ್ರಹಿಸಿ ಲೆಕ್ಕ ಬರೆದಿಟ್ಟಿದ್ದರು.

ಇಲ್ಲಿ ಒಂದು ಆಕ್ಷೇಪಕ್ಕೆ ನಿಲ್ಲಬೇಕು. ಹಾಗಾದರೆ ದೇವರ ಮೇಲಿನ ಭರವಸೆ ಎಂಬುದು ವ್ಯವಸ್ಥಿತ ಚಂದಾ ವಸೂಲಿಗೆ ಹಾಕಿದ ಮುಸುಕೇ? ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪ್ರಶ್ನೆ ಎದುರಿಸಿದ ಪ್ರಸಿದ್ಧ ಮನುಷ್ಯ ಬ್ರಿಸ್ಟಲ್‌ನ ಜಾರ್ಜ್ ಮ್ಯೂಲರ್. 1836ರಲ್ಲಿ ಅನಾಥಾಲಯ ಶುರು ಮಾಡಿ, ಒಂದೇ ಹೊತ್ತಿಗೆ 2,000ಕ್ಕೂ ಹೆಚ್ಚು ಮಕ್ಕಳನ್ನು ಸಾಕುವ ಮಟ್ಟಕ್ಕೆ ಬೆಳೆಸಿದ. ಸಾಲ ಮಾಡುವುದಿಲ್ಲ, ಯಾರ ಮುಂದೆಯೂ ಕೊರತೆ ಹೇಳಿಕೊಳ್ಳುವುದಿಲ್ಲ, ದೇವರಿಗೆ ಮಾತ್ರ ಹೇಳುತ್ತೇನೆ ಎಂಬುದು ಅವನ ನೇಮ. ಆದರೆ ವರ್ಷ ವರ್ಷ ವರದಿ ಅಚ್ಚು ಹಾಕಿಸುತ್ತಿದ್ದ. ಆ ವರದಿಯೇ ಬೇಡಿಕೆಯಲ್ಲವೇ ಎಂದು ಕೇಳಿದವರಿದ್ದರು, ಕೇಳಿದ್ದರಲ್ಲಿ ಅರ್ಥವಿದೆ. ಕನ್ನಡ ನಾಡಿನಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಕೋಲಾರದ್ದು. 1876-78ರ ಬರದಲ್ಲಿ ಮಿಸ್ ಆನ್ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಯಾವ ಸಂಘದ ಕಾಯಂ ಆಸರೆಯೂ ಇಲ್ಲದೆ ಅಲ್ಲಿ ಅನಾಥ ಮಕ್ಕಳ ಆಶ್ರಮ ತೆರೆದಳು. 1890ರಲ್ಲಿ ಅದನ್ನು ಮೆಥೊಡಿಸ್ಟರ ಕೈಗೊಪ್ಪಿಸಿದಳು. ಬೆಳಗಾವಿಯನ್ನು ವಹಿಸಿಕೊಂಡ ಮೆಥೊಡಿಸ್ಟರ ದಕ್ಷಿಣ ಭಾರತ ಕೆಲಸದ ಬುಡದಲ್ಲೂ ಇಂಥದೇ ಹಂಬಲವಿತ್ತು. 1870ರಲ್ಲಿ ಭಾರತಕ್ಕೆ ಬಂದ ವಿಲಿಯಂ ಟೇಲರ್ ವಿದೇಶದ ಹಣ ಬೇಡ, ಸಭೆಯೇ ಪಾಸ್ಟರನನ್ನು ಸಾಕಲಿ ಎಂದು ಪಟ್ಟು ಹಿಡಿದ. ಮುಂಬಯಿ, ಬೆಂಗಳೂರಿನಂಥ ಊರುಗಳಲ್ಲಿ ಅದು ನಡೆಯಿತು, ಯಾಕೆಂದರೆ ಅವನ ಸಭೆಯವರು ಬಹುಪಾಲು ರೈಲ್ವೆ, ದಂಡು, ಕಚೇರಿಗಳಲ್ಲಿ ಸಂಬಳ ಎಣಿಸುತ್ತಿದ್ದ ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರು. ಹಳ್ಳಿಯ ಕೇರಿಗಳಿಗೆ ಕೆಲಸ ಹರಡಿದಾಗ ಆ ಪಟ್ಟು ಸಡಿಲಾಗಿ ಅಮೆರಿಕದ ಹಣ ಬರಲೇಬೇಕಾಯಿತು. ತಿಂಗಳ ಮೊದಲ ತಾರೀಖು ಸಂಬಳ ಬರುವವನ ಭರವಸೆಗೂ ಕೂಲಿ ಸಿಕ್ಕೀತೋ ಇಲ್ಲವೋ ಎಂದು ಬೆಳಗಾಗುವವನ ಭರವಸೆಗೂ ಒಂದೇ ಹೆಸರಿದ್ದರೂ, ಎರಡೂ ಒಂದೇ ಅಲ್ಲ. ಮಿಷನ್ ಚರಿತ್ರೆ ಬರೆದವರು ಮೊದಲನೆಯದನ್ನು ಕೊಂಡಾಡಿದಷ್ಟು ಎರಡನೆಯದನ್ನು ಗಮನಿಸಿಲ್ಲ.

ಬರದ ಮಾತು ಬಂದಮೇಲೆ ಗಂಜಿಯ ಮಾತೂ ಬರಬೇಕು. 1876ರಲ್ಲಿ ಮಳೆ ಹೋಯಿತು. ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿ ಹೆಚ್ಚು ನರಳಿದವು. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವವನಿಗೂ ದಿನಕ್ಕೆ ಒಂದು ಪೌಂಡ್ ಧಾನ್ಯ, ಎಂದರೆ ಅರ್ಧ ಕಿಲೋಕ್ಕೂ ಕಡಿಮೆ, ಮೇಲೆ ಒಂದಿಷ್ಟು ಚಿಲ್ಲರೆ ಸಾಕೆಂದು 1877ರಲ್ಲಿ ಸರಕಾರದ ಬರದ ಪ್ರತಿನಿಧಿ ಸರ್ ರಿಚರ್ಡ್ ಟೆಂಪಲ್ ತೀರ್ಮಾನ ಮಾಡಿದ್ದು ಬರಗಾಲಗಳ ಚರಿತ್ರೆಯಲ್ಲಿ ಕುಪ್ರಸಿದ್ಧವಾಗಿದೆ. ಮಿಷನ್ ಕಂಪೌಂಡುಗಳಲ್ಲಿ ಅನಾಥ ಮಕ್ಕಳು ತುಂಬಿದ್ದು ಆಗಲೇ. ಹಸಿದವರನ್ನು ಗಂಜಿಗಾಗಿ ಜಾತಿ ಬಿಡಿಸಿದರು ಎಂಬ ಆರೋಪವನ್ನು ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಮಿಷನ್ನಿನ ಅನಾಥಾಲಯದಲ್ಲಿ ಬೆಳೆದ ಮಗು ಕ್ರೈಸ್ತನಾಗಿಯೇ ಬೆಳೆಯಿತು, ಅದನ್ನು ಯಾರೂ ಕೇಳಿ ಮಾಡಲಿಲ್ಲ. ಆದರೆ ಈ ಆರೋಪ ವಿವರಿಸದೆ ಬಿಡುವ ಸಂಗತಿಯೊಂದಿದೆ. ಬರ ಬಂದದ್ದು 1876ರಲ್ಲಿ, 1899-1900ರಲ್ಲಿ ಮತ್ತೆ ಬಂತು. ಗಂಜಿ ಉಂಡವರು ಬಹಳ, ಸಭೆಯಲ್ಲಿ ಉಳಿದವರು ಕೆಲವರು. ಹೊಟ್ಟೆ ಒಂದೇ ಕಾರಣವಾಗಿದ್ದರೆ ಮುಂದಿನ ಸುಗ್ಗಿಗೆ ಎಲ್ಲರೂ ಹಿಂದಿರುಗಬೇಕಿತ್ತು, ಯಾಕೆಂದರೆ ಒಳ್ಳೆಯ ವರ್ಷದಲ್ಲಿ ಊರ ಆಯ ಮಿಷನ್ನಿನ ಗಂಜಿಗಿಂತ ಎಷ್ಟೋ ಮೇಲು. ಉಳಿದವರು ಮರ್ಯಾದೆಯ ಲೆಕ್ಕವನ್ನೂ ಹಾಕಿದ್ದರು. ಬಡವ ಹೊಟ್ಟೆಯಿಂದ ಮಾತ್ರ ಯೋಚಿಸುತ್ತಾನೆ ಎಂಬುದು ಹಗೇವು ಇದ್ದವರು ಕಟ್ಟಿದ ಮಾತು.

ಇನ್ನೊಂದು ಆಕ್ಷೇಪ ಸವದತ್ತಿಯ ಗುಡ್ಡದಿಂದಲೇ ಏಳುತ್ತದೆ. ದಿನದ ಅನ್ನಕ್ಕೆ ದೈವವನ್ನು ನಂಬುವುದು ಇಲ್ಲಿ ಹೊಸದೇನಾಗಿತ್ತು? ಎಲ್ಲಮ್ಮನ ಜೋಗತಿ ಮಂಗಳವಾರ, ಶುಕ್ರವಾರ ಪಡ್ಡಲಗಿ ಎಂಬ ಬುಟ್ಟಿ ಹಿಡಿದು ಮನೆಮನೆಗೆ ಜೋಗಕ್ಕೆ ಹೋಗುತ್ತಿದ್ದಳು. ಉಧೋ ಎಂಬ ಕೂಗಿಗೆ ಹಿಟ್ಟೋ ಕಾಳೋ ಬೀಳುತ್ತಿತ್ತು. ಹುಣ್ಣಿವೆಯ ಜಾತ್ರೆಗೆ ಬಂದವರು ಪಡ್ಡಲಗಿ ತುಂಬಿಸಿ ಉಣ್ಣುವುದು ಈಗಲೂ ನಡೆದಿದೆ. ಶರಣರ ಕಾಲಕ್ಕೆ ಹೋದರೆ ಆಯ್ದಕ್ಕಿ ಲಕ್ಕಮ್ಮನ ಕಥೆ ಇದೆ: ಗಂಡ ಮಾರಯ್ಯ ದಿನದ ಬೇಕಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಅವಳು ತಿರುಗಿ ಕಳಿಸಿದಳು. ಅಂದಂದಿನದು ಅಂದಿಗೆ ಸಾಕೆಂಬ ಅರಿವು ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿದೆ? ಈ ಆಕ್ಷೇಪದ ಅರ್ಧವನ್ನು ಒಪ್ಪಬೇಕು. ಕ್ರೈಸ್ತ ಪ್ರಾರ್ಥನೆ ಇಲ್ಲಿ ಬೇರು ಬಿಟ್ಟದ್ದೇ ನೆಲ ಹದವಾಗಿದ್ದ ಕಾರಣ. ಉಳಿದರ್ಧಕ್ಕೆ ಉತ್ತರವಿದೆ. ಜೋಗ ದೇವಿಯ ಹೆಸರಿನಲ್ಲಿ ನಡೆದರೂ ಕೊಡುತ್ತಿದ್ದದ್ದು ಊರ ಮನೆಗಳು, ಮತ್ತು ಆ ಜೋಳಿಗೆಗೆ ಕೇರಿಯ ಹೆಣ್ಣುಮಕ್ಕಳು ತೆರುತ್ತಿದ್ದ ಬೆಲೆ ಏನೆಂದು ಎಲ್ಲರಿಗೂ ಗೊತ್ತು. ಮುತ್ತು ಕಟ್ಟಿ ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಬಿಡುವುದನ್ನು ತಡೆಯಲು ಮುಂಬಯಿ ಪ್ರಾಂತ 1934ರಲ್ಲಿ ಕಾಯ್ದೆ ಮಾಡಿತು, ಕರ್ನಾಟಕ 1982ರಲ್ಲಿ ಮತ್ತೊಂದನ್ನು ಮಾಡಬೇಕಾಯಿತು. ಮಗಳನ್ನು ಬಿಡದೆಯೂ ದೈವ ಅನ್ನ ಕೊಡುತ್ತದೆ ಎಂದು ನಂಬಿದ ಮನೆಗೆ ಸಿಕ್ಕ ಬಿಡುಗಡೆ ಸಣ್ಣದಲ್ಲ. ಲಕ್ಕಮ್ಮನ ಮಾತಂತೂ ದುಡಿದು ತಂದವರ ನಡುವಿನ ಮಾತು. ಕೇರಿಯವರಿಗೆ ತಮ್ಮ ದುಡಿಮೆಗೆ ತಾವೇ ಒಡೆಯರಾಗುವುದೇ ಮೊದಲ ಮೆಟ್ಟಿಲಾಗಿತ್ತು. ಹರಕೆಯ ರೂಢಿ ಸಭೆಯೊಳಗೂ ನುಸುಳಿದ್ದು ನಿಜ. ನೌಕರಿ ಹತ್ತಿದರೆ ಇಷ್ಟು, ಮಗು ಹುಟ್ಟಿದರೆ ಇಷ್ಟು ಎಂದು ಕೃತಜ್ಞತಾ ಕಾಣಿಕೆ ಹೊತ್ತುಕೊಳ್ಳುವುದನ್ನು ಯಾವ ಸಭಾಪಾಲಕರೂ ಪೂರ್ತಿ ಬಿಡಿಸಿಲ್ಲ, ಬಿಡಿಸುವ ಅವಸರವೂ ಅವರಿಗೆ ಕಾಣುವುದಿಲ್ಲ.

ಬೇಡಿಕೆಗೆ ಉತ್ತರ ಬರುತ್ತಿದ್ದ ರೀತಿಯಲ್ಲೇ ಈ ಪ್ರಾರ್ಥನೆಯ ಸಾಮಾಜಿಕ ಗುಟ್ಟು ಇದೆ. ದಕ್ಷಿಣ ಭಾರತದ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಹಬ್ಬಿದ ಎರಡು ಪದ್ಧತಿಗಳನ್ನು ಹತ್ತಿರದಿಂದ ನೋಡಬೇಕು. ಒಂದು, ಹಿಡಿ ಧಾನ್ಯ. ಅಡಿಗೆಗೆ ಕಾಳೋ ಹಿಟ್ಟೋ ತೆಗೆಯುವಾಗ ಮನೆಯಾಕೆ ಒಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕುತ್ತಾಳೆ. ವಾರದ ಕೊನೆಗೆ ಅದು ಸಭೆಗೆ ಹೋಗುತ್ತದೆ. ತನಗೆ ಇಂದಿನ ಊಟ ಬೇಡಿದವಳೇ ಇನ್ನೊಬ್ಬರ ಇಂದಿನ ಊಟಕ್ಕೆ ಹಿಡಿ ತೆಗೆದಿಡುತ್ತಾಳೆ. ಇನ್ನೊಂದು, ಸುಗ್ಗಿ ಹಬ್ಬ. ಜೋಳದ ತೆನೆ, ಕಡಲೆ ಗಿಡ, ಕುಸುಬಿ, ಕುಂಬಳಕಾಯಿ, ಕೋಳಿ, ತತ್ತಿ ಎಲ್ಲ ದೇವಾಲಯದ ಮುಂದೆ ಬರುತ್ತವೆ, ಆರಾಧನೆ ಮುಗಿದ ಮೇಲೆ ಹೊರಗೆ ಹರಾಜಿನ ಸವಾಲು. ಒಂದು ಕುಂಬಳಕಾಯಿ ಹಿಡಿದವನು ಹಣ ಕೊಟ್ಟು ಕಾಯಿಯನ್ನು ಮತ್ತೆ ಸಭೆಗೇ ಬಿಡುತ್ತಾನೆ, ಅದು ಎರಡನೆಯ ಸವಾಲಿಗೆ, ಮೂರನೆಯದಕ್ಕೆ ಏರುತ್ತದೆ. ಪೇಟೆಯಲ್ಲಿ ಯಾರೂ ಕೊಡದ ಬೆಲೆ ಆ ಕಾಯಿಗೆ ಬರುತ್ತದೆ. ನಗು, ಚೇಷ್ಟೆ, ಬೀಗರ ನಡುವಿನ ಮೇಲಾಟ ಎಲ್ಲ ಇರುತ್ತದೆ. ಕಣದಲ್ಲಿ ಕಂಬಳಿ ಒಡ್ಡಿ ದೂರ ನಿಲ್ಲುತ್ತಿದ್ದವರ ಮೊಮ್ಮಕ್ಕಳು ಇಲ್ಲಿ ಕಾಳು ತರುವವರು, ಸವಾಲು ಕೂಗುವವರು, ಲೆಕ್ಕ ಬರೆಯುವವರು. ಲಿಂಗಾಯತ ಮಠಗಳ ಜೋಳಿಗೆ ಇದೇ ಸೀಮೆಯಲ್ಲಿ ಇದೇ ಕಾಲಕ್ಕೆ ದೊಡ್ಡ ಕೆಲಸ ಮಾಡಿದ್ದನ್ನು ನೆನೆಯಬೇಕು. ಹಾನಗಲ್ಲ ಕುಮಾರಸ್ವಾಮಿಗಳು ಮಲಪ್ರಭೆಯ ದಂಡೆಯಲ್ಲಿ 1909ರಲ್ಲಿ ಶಿವಯೋಗ ಮಂದಿರ ಕಟ್ಟಿದ್ದು ಭಕ್ತರ ಕಾಣಿಕೆಯಿಂದ. ಹಗೇವು ಇದ್ದ ಮನೆಗಳ ಜೋಳಿಗೆ ಅದು. ಹಗೇವಿಲ್ಲದವರು ತಮ್ಮದೇ ಒಂದು ಸಣ್ಣ ಕಣಜ ಕಟ್ಟಿಕೊಂಡದ್ದು ಹಿಡಿ ಧಾನ್ಯದಿಂದ, ಸುಗ್ಗಿ ಕಾಣಿಕೆಯಿಂದ. ಗುಳೇದಗುಡ್ಡ, ರಾಮದುರ್ಗದ ನೇಕಾರರ ಕಥೆ ಸ್ವಲ್ಪ ಬೇರೆ: ಅವರಿಗೆ ಆಯದ ಗೊಡವೆ ಇರಲಿಲ್ಲ, ನೂಲಿಗೆ ಮುಂಗಡ ಕೊಟ್ಟ ಸಾವಕಾರನೇ ಗೌಡ.

ಈ ವಾದಕ್ಕೆ ಎಲ್ಲಕ್ಕಿಂತ ಗಟ್ಟಿ ಎದುರುಮಾತು ಒಂದಿದೆ. ಗೌಡನನ್ನು ಬಿಟ್ಟವರು ಮಿಷನ್ ಸಾಹೇಬನನ್ನು ಹಿಡಿದರು, ದಣಿ ಬದಲಾದ, ಕೈ ಅಲ್ಲೇ ಇತ್ತು. ಹಲವು ದಶಕಗಳ ಮಟ್ಟಿಗೆ ಇದು ಸರಿಯಾದ ಮಾತು. ಮಗಳ ಮದುವೆ, ಮಗನ ಫೀ, ಮನೆಯ ಮಾಳಿಗೆ ಎಲ್ಲದಕ್ಕೂ ಬಂಗಲೆಯ ಕಟ್ಟೆ ಹತ್ತುವ ರೂಢಿ ಕ್ರೈಸ್ತ ಮನೆಗಳಿಗೆ ಅಂಟಿತ್ತು. ಆದರೆ ಆ ಬಂಗಲೆ ಶಾಶ್ವತವಾಗಿರಲಿಲ್ಲ. ಬೆಳಗಾವಿಯಲ್ಲಿ 1904ರಲ್ಲಿ ದಣಿಯೇ ಬದಲಾದ. ಧಾರವಾಡದ ಕಡೆ ಪೆಟ್ಟು ಇನ್ನೂ ಜೋರು: 1914ರಲ್ಲಿ ಯುದ್ಧ ಶುರುವಾದ ಮೇಲೆ ಜರ್ಮನ್ ಮಿಷನರಿಗಳನ್ನು ಸರಕಾರ ಸೆರೆಹಿಡಿದು ದೇಶದಿಂದ ಹೊರಗೆ ಕಳಿಸಿತು, ಬಾಸೆಲ್ ಮಿಷನ್ನಿನ ಕಾರ್ಖಾನೆಗಳು 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ದೇವರ ಮೇಲಿನ ಭರವಸೆ ಬಾಸೆಲ್‌ನ ಕಾಸಿನ ಮೇಲಿನ ಭರವಸೆಯೇ ಆಗಿದ್ದರೆ ಸಭೆಗಳು ಅಲ್ಲಿಗೆ ಚದುರಬೇಕಿತ್ತು. ಚದುರಲಿಲ್ಲ. ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡದ ಸಭೆಗಳು ಇಂದಿಗೂ ಇವೆ. ಇನ್ನು ಆಯದ ಬಗ್ಗೆ ನಾನು ಹೇಳಿದ್ದು ಕ್ರೈಸ್ತರ ಪಕ್ಷಪಾತದ ಮಾತೆಂದು ಅನ್ನಿಸಿದರೆ ಅಂಬೇಡ್ಕರರನ್ನು ಕೇಳಬಹುದು. ಬೆಳಗಾವಿ ಜಿಲ್ಲೆಯೂ ಸೇರಿದ್ದ ಮುಂಬಯಿ ಪ್ರಾಂತದ ವಿಧಾನ ಪರಿಷತ್ತಿನಲ್ಲಿ 1928ರಲ್ಲಿ ಅವರು 1874ರ ವತನ, ಎಂದರೆ ವಂಶಪಾರಂಪರ್ಯ ಹುದ್ದೆಗಳ, ಕಾಯ್ದೆಗೆ ತಿದ್ದುಪಡಿ ತಂದಾಗ ವಾದಿಸಿದ್ದೂ ಇದನ್ನೇ: ಈ ಹಕ್ಕು ಹೆಸರಿಗೆ ಹಕ್ಕು, ನಡೆಯಲ್ಲಿ ಜೀತ. ಕೇರಿಯ ಪ್ರಾರ್ಥನೆ ಕಾಯ್ದೆ ತರಲಿಲ್ಲ, ತರುವ ಶಕ್ತಿಯೂ ಅದಕ್ಕಿರಲಿಲ್ಲ. ಹಳ್ಳಿ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲಿ ಬಂದದ್ದು ಬೇರೆ ಹೋರಾಟಗಳ ಫಲ. ಕಾಯ್ದೆ ಬರುವ ಮುನ್ನವೇ ಕೆಲವು ಮನೆಗಳು ಆಯವಿಲ್ಲದೆ ಬದುಕಿ ತೋರಿಸಿದ್ದವು ಎಂಬಷ್ಟನ್ನು ಅದರ ಲೆಕ್ಕಕ್ಕೆ ಬರೆಯಬೇಕು.

ಹಳೆಯ ಗಂಜಿ ಆರೋಪ ಈಗ ಆಮಿಷವೆಂಬ ಹೆಸರಿನಲ್ಲಿ ಕಾನೂನಿನ ಭಾಷೆಗೆ ಸೇರಿದೆ. 2021ರ ಡಿಸೆಂಬರಿನಲ್ಲಿ ಮತಾಂತರ ನಿಷೇಧ ಮಸೂದೆಯನ್ನು ವಿಧಾನಸಭೆ ಒಪ್ಪಿದ್ದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ. ಅತ್ತ, ಪ್ರಾರ್ಥಿಸಿದರೆ ಕಾರು ಬಂದೀತು ಎಂದು ಹೇಳುವ ಹೊಸ ಬಗೆಯ ಬೋಧಕರೂ ಇದ್ದಾರೆ. ಅಂದಿನ ಊಟವನ್ನಷ್ಟೇ ಬೇಡಿದವರ ಮುಂದೆ ಈ ಬೋಧಕರ ಬೇಡಿಕೆ ಹಗೇವು ತುಂಬುವ ಬೇಡಿಕೆ. ಈ ಎರಡು ಗದ್ದಲಗಳ ನಡುವೆ ಕಳೆದುಹೋಗುತ್ತಿರುವುದು ಸಾಕ್ಷ್ಯ. ಮಿಷನರಿಗಳ ಪತ್ರಗಳು ಬಾಸೆಲ್‌ನ, ಲಂಡನ್ನಿನ ದಫ್ತರಗಳಲ್ಲಿ ಜೋಪಾನವಾಗಿವೆ. ಹಿಡಿ ಧಾನ್ಯ ಯಾರ ಮನೆಗೆ ಹೋಯಿತು, ಯಾವ ಬರದ ವರ್ಷ ಸುಗ್ಗಿ ಕಾಣಿಕೆ ಎಷ್ಟಕ್ಕೆ ಇಳಿಯಿತು ಎಂಬುದು ಇರುವುದು ನಮ್ಮ ಹಳ್ಳಿಯ ಸಭೆಗಳ ಕಿರ್ದಿ ಪುಸ್ತಕಗಳಲ್ಲಿ. ನಿಮ್ಮ ಊರಿನ ದೇವಾಲಯದ ಕಪಾಟಿನಲ್ಲೋ ಹಿರಿಯರ ಪೆಟ್ಟಿಗೆಯಲ್ಲೋ ಅಂಥ ಪುಸ್ತಕವಿದ್ದರೆ ರದ್ದಿಗೆ ಹಾಕಬೇಡಿ. ಪುಟಪುಟದ ಫೋಟೋ ತೆಗೆಸಿ ಧಾರವಾಡದ ಯಾವುದಾದರೂ ಗ್ರಂಥಾಲಯಕ್ಕೆ ಒಂದು ಪ್ರತಿ ಕೊಡಿ.